ದೃಷ್ಟಿ ನರಮಂಡಲದಲ್ಲಿ ನೈಟ್ರಿಕ್ ಆಕ್ಸೈಡ್: ಅಕ್ಷಿಪಟಲದಿಂದ ರೇಷ್ಮೆ ಗೂಡಿನವರೆಗೆ

ಒಂದು ಸಾರಜನಕ ಪರಮಾಣು, ಒಂದು ಆಮ್ಲಜನಕ ಪರಮಾಣು ಸೇರಿ ಆದ ಸರಳ ಅನಿಲ ನೈಟ್ರಿಕ್ ಆಕ್ಸೈಡ್. ಬಹುಕಾಲ ಇದನ್ನು ವಾಹನದ ಹೊಗೆಯಲ್ಲಿರುವ ಕೆಟ್ಟ ಅನಿಲವೆಂದಷ್ಟೇ ಬಗೆಯಲಾಗಿತ್ತು. ಪ್ರಾಣಿಗಳ ದೇಹವೇ ಇದನ್ನು ತಯಾರಿಸಿ ಸಂದೇಶವಾಹಕವಾಗಿ ಬಳಸುತ್ತದೆ ಎಂಬುದು 1980ರ ದಶಕದಲ್ಲಿ ಖಚಿತವಾಯಿತು. ಕಣ್ಣಿನ ಅಕ್ಷಿಪಟಲ, ಮಿದುಳಿನ ಥಲಾಮಸ್, ದೃಷ್ಟಿಗೆ ಮೀಸಲಾದ ಮಿದುಳಿನ ಹೊರಪದರ, ಕೀಟಗಳ ಸಂಯುಕ್ತ ಕಣ್ಣು ಮತ್ತು ಅದರ ಹಿಂದಿನ ದೃಷ್ಟಿಹಾಲೆ, ಎಲ್ಲೆಡೆಯೂ ಇದರ ಕೆಲಸವಿದೆ. ಕಂಡ ಚಿತ್ರವನ್ನು ಇದು ಹೊತ್ತೊಯ್ಯುವುದಿಲ್ಲ. ಚಿತ್ರವನ್ನು ಹೊತ್ತೊಯ್ಯುವ ನರಕೋಶಗಳು ಎಷ್ಟು ಚುರುಕಾಗಿರಬೇಕು, ಯಾವುದು ಯಾವುದಕ್ಕೆ ಜೋಡಿಯಾಗಿರಬೇಕು, ಅವುಗಳಿಗೆ ಎಷ್ಟು ರಕ್ತ ಹರಿಯಬೇಕು ಎಂಬುದನ್ನು ಹದಗೊಳಿಸುತ್ತದೆ. ದೃಷ್ಟಿವ್ಯವಸ್ಥೆ ಕಟ್ಟಲ್ಪಡುವ ಹಂತದಲ್ಲಿ ನರತಂತುಗಳಿಗೆ ದಾರಿಯನ್ನೂ ನಿಲ್ದಾಣವನ್ನೂ ಗೊತ್ತುಪಡಿಸುವುದರಲ್ಲಿ ಪಾಲ್ಗೊಳ್ಳುತ್ತದೆ.

ಈ ವಿಷಯದ ಒಂದು ಮುಖ್ಯ ಅಧ್ಯಾಯ ಪತಂಗಗಳಿಗೆ ಸಂಬಂಧಿಸಿದ್ದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೈತರು ದಿನನಿತ್ಯ ಕೈಯಲ್ಲಿ ಹಿಡಿಯುವ ರೇಷ್ಮೆ ಹುಳು ಆ ವರ್ಗಕ್ಕೇ ಸೇರಿದೆ. ಗೂಡಿನೊಳಗೆ ಹುಳು ಪತಂಗವಾಗಿ ಮಾರ್ಪಡುವಾಗ ಅದಕ್ಕೆ ಹೊಸ ಕಣ್ಣು ಮೂಡುತ್ತದೆ, ಆ ಕಣ್ಣಿಗೆ ತಕ್ಕ ಮಿದುಳು ಬೆಳೆಯುತ್ತದೆ. ಆ ಬೆಳವಣಿಗೆಯ ಕ್ರಮವನ್ನು ಅರಿಯುವುದರಲ್ಲಿ ನೈಟ್ರಿಕ್ ಆಕ್ಸೈಡ್ ಒಂದು ಕೀಲಿಕೈಯಾಗಿದೆ.

ಅಣುವಿನ ಗುಣ ಮತ್ತು ಕೆಲಸದ ರೀತಿ

ಸಾಮಾನ್ಯ ನರಸಂದೇಶಕಗಳು ನರತಂತುವಿನ ತುದಿಯಲ್ಲಿ ಸಣ್ಣ ಸಣ್ಣ ಕೋಶಿಕೆಗಳಲ್ಲಿ ಸಂಗ್ರಹವಾಗಿರುತ್ತವೆ. ಸಂಕೇತ ಬಂದಾಗ ಹೊರಬಿದ್ದು, ಕಿರಿದಾದ ಸಂಧಿಯನ್ನು ದಾಟಿ, ಎದುರಿನ ನರಕೋಶದ ಗ್ರಾಹಕವನ್ನು ಮುಟ್ಟುತ್ತವೆ. ಅದು ಒಂದು ಮನೆಯಿಂದ ಎದುರು ಮನೆಗೆ ಹೇಳಿಕಳಿಸಿದ ಮಾತು. ನೈಟ್ರಿಕ್ ಆಕ್ಸೈಡ್ ಹಾಗಲ್ಲ. ಅದು ಕೇರಿಯಲ್ಲಿ ತಮಟೆ ಬಡಿದು ಸಾರಿದ ಸುದ್ದಿ. ಅದನ್ನು ಕೂಡಿಡಲು ಆಗದು. ಬೇಕಾದಾಗ ತಯಾರಾಗಿ, ಆ ಕ್ಷಣವೇ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟಿ, ಸುತ್ತಲಿನ ಹಲವು ನರಕೋಶಗಳನ್ನು ಒಟ್ಟಿಗೆ ಮುಟ್ಟುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಇಲ್ಲವಾಗುತ್ತದೆ. ಸಂದೇಶ ಪಡೆದ ನರಕೋಶ, ಕಳಿಸಿದ ನರಕೋಶಕ್ಕೇ ಮರಳಿ ಸುದ್ದಿ ಮುಟ್ಟಿಸಲೂ ಇದರಿಂದ ಸಾಧ್ಯ.

ಇದನ್ನು ತಯಾರಿಸುವ ಕಿಣ್ವದ ಹೆಸರು ನೈಟ್ರಿಕ್ ಆಕ್ಸೈಡ್ ಸಿಂಥೇಸ್. ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಆಮ್ಲಜನಕದ ನೆರವಿನಿಂದ ಸಿಟ್ರುಲಿನ್ ಆಗಿ ಮಾರ್ಪಡಿಸುವಾಗ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ. ಸಸ್ತನಿಗಳಲ್ಲಿ ಈ ಕಿಣ್ವದ 3 ಬಗೆಗಳಿವೆ. ನರಕೋಶಗಳಲ್ಲಿರುವುದು ಒಂದು, ರಕ್ತನಾಳದ ಒಳಪದರದಲ್ಲಿರುವುದು ಇನ್ನೊಂದು. ಈ ಎರಡೂ ಕ್ಯಾಲ್ಸಿಯಂ ಏರಿದಾಗ ಮಾತ್ರ ಚುರುಕಾಗಿ, ಇಳಿದಾಗ ಸುಮ್ಮನಾಗುತ್ತವೆ. ಮೂರನೆಯದು ಸೋಂಕು, ಉರಿಯೂತಗಳ ವೇಳೆ ರಕ್ಷಣಾ ಕೋಶಗಳಲ್ಲಿ ಹೊಸದಾಗಿ ಹುಟ್ಟುವಂಥದು. ಅದು ಕ್ಯಾಲ್ಸಿಯಂನ ಏರಿಳಿತಕ್ಕೆ ಕಾಯುವುದಿಲ್ಲ. ಬಹುಕಾಲ, ಬಹು ಪ್ರಮಾಣದಲ್ಲಿ ಅನಿಲವನ್ನು ಸುರಿಯುತ್ತದೆ. ಮೊದಲ ಎರಡರ ಮಿತವಾದ ಕೆಲಸಕ್ಕೂ ಮೂರನೆಯದರ ಅತಿಗೂ ಇರುವ ಈ ಅಂತರ, ಕಣ್ಣಿನ ಆರೋಗ್ಯ ಮತ್ತು ರೋಗಗಳ ನಡುವಿನ ಅಂತರವೂ ಹೌದು.

ನೈಟ್ರಿಕ್ ಆಕ್ಸೈಡಿನ ಮುಖ್ಯ ಗುರಿ ಗ್ವಾನಿಲೇಟ್ ಸೈಕ್ಲೇಸ್ ಎಂಬ ಮತ್ತೊಂದು ಕಿಣ್ವ. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವಂಥದೇ ಕಬ್ಬಿಣದ ಹೀಮ್ ಈ ಕಿಣ್ವದಲ್ಲೂ ಇದೆ. ನೈಟ್ರಿಕ್ ಆಕ್ಸೈಡ್ ಬಂದು ಆ ಕಬ್ಬಿಣಕ್ಕೆ ಅಂಟಿಕೊಂಡರೆ ಕಿಣ್ವ ಚುರುಕಾಗಿ ಸಿಜಿಎಂಪಿ ಎಂಬ ಅಣುವನ್ನು ಉತ್ಪಾದಿಸುತ್ತದೆ. ಸಿಜಿಎಂಪಿ ಅಯಾನು ಮಾರ್ಗಗಳನ್ನು ತೆರೆಯುತ್ತದೆ, ಇತರ ಪ್ರೋಟೀನುಗಳ ಸ್ಥಿತಿಯನ್ನು ಬದಲಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಇದಲ್ಲದೆ ನೈಟ್ರಿಕ್ ಆಕ್ಸೈಡ್ ನೇರವಾಗಿ ಪ್ರೋಟೀನುಗಳ ಗಂಧಕದ ಗುಂಪುಗಳಿಗೆ ಸೇರಿಕೊಂಡು ಅವುಗಳ ಗುಣವನ್ನು ಬದಲಿಸುವುದೂ ಉಂಟು.

ಸಂಶೋಧನೆಯ ಹಾದಿ

1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್, ರಕ್ತನಾಳದ ಒಳಪದರದಿಂದ ಹೊರಬರುವ ಯಾವುದೋ ವಸ್ತು ನಾಳವನ್ನು ಸಡಿಲಗೊಳಿಸುತ್ತದೆ ಎಂದು ತೋರಿಸಿದರು. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ಅದೇ ದಶಕದಲ್ಲಿ ಸಿದ್ಧವಾಯಿತು. 1988ರಲ್ಲಿ ಬ್ರಿಟನ್ನಿನ ಜಾನ್ ಗಾರ್ಥ್‌ವೇಟ್ ಮತ್ತು ಸಂಗಡಿಗರು, ಗ್ಲುಟಮೇಟ್ ಎಂಬ ನರಸಂದೇಶಕದಿಂದ ಪ್ರಚೋದನೆಗೊಂಡ ಮಿದುಳಿನ ನರಕೋಶಗಳೂ ಅಂಥದೇ ವಸ್ತುವನ್ನು ಬಿಡುಗಡೆ ಮಾಡುತ್ತವೆ ಎಂದು ಕಂಡುಕೊಂಡರು. 1990ರಲ್ಲಿ ಡೇವಿಡ್ ಬ್ರೆಡ್ಟ್ ಮತ್ತು ಸಾಲೊಮನ್ ಸ್ನೈಡರ್ ಮಿದುಳಿನಿಂದ ಸಿಂಥೇಸ್ ಕಿಣ್ವವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. 1992ರಲ್ಲಿ ‘ಸೈನ್ಸ್’ ಪತ್ರಿಕೆ ನೈಟ್ರಿಕ್ ಆಕ್ಸೈಡನ್ನು ವರ್ಷದ ಅಣುವೆಂದು ಸಾರಿತು. 1998ರಲ್ಲಿ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫರೀದ್ ಮುರಾದ್ ಅವರಿಗೆ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂತು.

ದೃಷ್ಟಿವ್ಯವಸ್ಥೆಯ ಅಧ್ಯಯನಕ್ಕೆ ಹಳೆಯದೊಂದು ಬಣ್ಣಹಾಕುವ ವಿಧಾನ ಬಹಳ ನೆರವಾಯಿತು. 1960ರ ದಶಕದಿಂದಲೂ ಮಿದುಳಿನ ತೆಳುಹೋಳುಗಳಲ್ಲಿ ಕೆಲವೇ ನರಕೋಶಗಳನ್ನು ಕಡುನೀಲಿಯಾಗಿಸುವ ಡಯಫೊರೇಸ್ ಬಣ್ಣಗಾರಿಕೆ ಬಳಕೆಯಲ್ಲಿತ್ತು. ಆ ಕೋಶಗಳೇ ಏಕೆ ನೀಲಿಯಾಗುತ್ತವೆ ಎಂಬುದು ಗೊತ್ತಿರಲಿಲ್ಲ. ನೀಲಿ ಬರಿಸುವ ಕಿಣ್ವವೇ ನೈಟ್ರಿಕ್ ಆಕ್ಸೈಡ್ ಸಿಂಥೇಸ್ ಎಂದು 1991ರಲ್ಲಿ ತಿಳಿದಾಗ, ಅಕ್ಷಿಪಟಲದ ನೀಲಿ ಕೋಶಗಳ ಹಳೆಯ ಚಿತ್ರಗಳೆಲ್ಲ ನೈಟ್ರಿಕ್ ಆಕ್ಸೈಡಿನ ನಕ್ಷೆಗಳಾದವು.

ಅಕ್ಷಿಪಟಲದಲ್ಲಿ

ಕಣ್ಣಿನ ಹಿಂಬದಿಯ ಅಕ್ಷಿಪಟಲ ವಾಸ್ತವವಾಗಿ ಮಿದುಳಿನದೇ ಚಾಚು. ಮನುಷ್ಯನ ಒಂದು ಕಣ್ಣಿನಲ್ಲಿ ಸುಮಾರು 12 ಕೋಟಿ ದಂಡಕೋಶಗಳು, 60 ಲಕ್ಷ ಶಂಕುಕೋಶಗಳು ಬೆಳಕನ್ನು ಹಿಡಿಯುತ್ತವೆ. ಅವುಗಳ ಸಂಕೇತ ದ್ವಿಧ್ರುವ ಕೋಶಗಳ ಮೂಲಕ ಗ್ಯಾಂಗ್ಲಿಯನ್ ಕೋಶಗಳಿಗೆ ತಲುಪುತ್ತದೆ. ಸುಮಾರು 10 ಲಕ್ಷ ಗ್ಯಾಂಗ್ಲಿಯನ್ ಕೋಶಗಳ ತಂತುಗಳು ಒಟ್ಟಾಗಿ ದೃಷ್ಟಿನರವಾಗಿ ಮಿದುಳಿಗೆ ಹೋಗುತ್ತವೆ. ಈ ನೇರ ಹಾದಿಗೆ ಅಡ್ಡಲಾಗಿ ಮೇಲಿನ ಪದರದಲ್ಲಿ ಸಮತಲ ಕೋಶಗಳೂ ಕೆಳಗಿನ ಪದರದಲ್ಲಿ ಅಮಕ್ರೈನ್ ಕೋಶಗಳೂ ಹರಡಿಕೊಂಡಿವೆ.

ಅಕ್ಷಿಪಟಲದಲ್ಲಿ ನೈಟ್ರಿಕ್ ಆಕ್ಸೈಡಿನ ಮುಖ್ಯ ಉತ್ಪಾದಕರು ಅಮಕ್ರೈನ್ ಕೋಶಗಳಲ್ಲಿ ಕೆಲವು ಬಗೆಯವು. ಇವುಗಳ ಸಂಖ್ಯೆ ಕಡಿಮೆ, ಚಾಚುಗಳು ಮಾತ್ರ ಬಹುದೂರ ಹಬ್ಬಿರುತ್ತವೆ. ಬೆಳಕು ಬಿದ್ದಾಗ, ಅದರಲ್ಲೂ ಮಿಟುಕುವ ಬೆಳಕು ಬಿದ್ದಾಗ, ಇವು ನೈಟ್ರಿಕ್ ಆಕ್ಸೈಡನ್ನು ಹೆಚ್ಚು ಬಿಡುಗಡೆ ಮಾಡುತ್ತವೆ.

ನಕ್ಷತ್ರದ ಬೆಳಕಿಗೂ ನಡುಹಗಲ ಬಿಸಿಲಿಗೂ ಪ್ರಖರತೆಯಲ್ಲಿ ನೂರು ಕೋಟಿ ಪಟ್ಟಿನ ಅಂತರವಿದೆ. ಅಷ್ಟು ವಿಸ್ತಾರವನ್ನು ಒಂದೇ ಕಣ್ಣು ನಿಭಾಯಿಸಬೇಕಾದರೆ ಅಕ್ಷಿಪಟಲದ ಜೋಡಣೆಯೇ ಹೊತ್ತಿಗೆ ತಕ್ಕಂತೆ ಬದಲಾಗಬೇಕು. ಮಬ್ಬುಬೆಳಕಿನಲ್ಲಿ ನೆರೆಯ ಕೋಶಗಳು ವಿದ್ಯುತ್ ಸೇತುವೆಗಳಿಂದ ಬೆಸೆದುಕೊಂಡು, ದೊರೆತ ಅಲ್ಪ ಬೆಳಕನ್ನು ಒಟ್ಟುಗೂಡಿಸುತ್ತವೆ. ಹಗಲಿನಲ್ಲಿ ಆ ಸೇತುವೆಗಳು ಮುಚ್ಚಬೇಕು. ಇಲ್ಲವಾದರೆ ಚಿತ್ರದ ಸೂಕ್ಷ್ಮ ವಿವರ ಕಲಸಿಹೋಗುತ್ತದೆ. ಸಮತಲ ಕೋಶಗಳ ನಡುವಿನ ಸೇತುವೆಗಳನ್ನು ನೈಟ್ರಿಕ್ ಆಕ್ಸೈಡ್ ಸಿಜಿಎಂಪಿಯ ಮೂಲಕ ಮುಚ್ಚುತ್ತದೆ. ಡೋಪಮೈನ್ ಎಂಬ ನರಸಂದೇಶಕ ಕೂಡ ಇದೇ ಕೆಲಸವನ್ನು ಬೇರೆ ಹಾದಿಯಲ್ಲಿ ಮಾಡುತ್ತದೆ.

ಈ ಎರಡು ರಾಸಾಯನಿಕಗಳ ನಡುವಿನ ಕೆಲಸದ ಹಂಚಿಕೆಯನ್ನು 1995ರಲ್ಲಿ ಮೊಲದ ಅಕ್ಷಿಪಟಲದಲ್ಲಿ ಮಿಲ್ಸ್ ಮತ್ತು ಮ್ಯಾಸಿ ಸ್ಪಷ್ಟವಾಗಿ ತೋರಿಸಿದರು. ರಾತ್ರಿದೃಷ್ಟಿಯ ಹಾದಿಯಲ್ಲಿ ಎಐಐ ಎಂಬ ಅಮಕ್ರೈನ್ ಕೋಶ ಎರಡು ಕಡೆ ಬೆಸೆದುಕೊಂಡಿರುತ್ತದೆ: ತನ್ನಂಥದೇ ಕೋಶದೊಂದಿಗೆ ಒಂದು ಕಡೆ, ಶಂಕುಕೋಶದ ಹಾದಿಯ ದ್ವಿಧ್ರುವ ಕೋಶದೊಂದಿಗೆ ಇನ್ನೊಂದು ಕಡೆ. ಮೊದಲನೆಯ ಬೆಸುಗೆಯನ್ನು ಸಡಿಲಿಸುವುದು ಡೋಪಮೈನ್. ಎರಡನೆಯದನ್ನು ಸಡಿಲಿಸುವುದು ನೈಟ್ರಿಕ್ ಆಕ್ಸೈಡಿನ ಹಾದಿ. ಕತ್ತಲಿನ ಮಾರ್ಗ ಹಗಲಿನ ಮಾರ್ಗಕ್ಕೆ ಅಡ್ಡಬರದಂತೆ ಬಾಗಿಲು ಹಾಕುವ ಕೆಲಸವಿದು. ಅದೇ ರೀತಿ, ಬೆಳಕು ಹೆಚ್ಚಾದಾಗ ಸ್ಪಂದಿಸುವ ದ್ವಿಧ್ರುವ ಕೋಶಗಳಲ್ಲಿ ಸಿಜಿಎಂಪಿ ಕ್ಷೀಣ ಸಂಕೇತವನ್ನು ಹಿಗ್ಗಿಸುತ್ತದೆ.

ನೈಟ್ರಿಕ್ ಆಕ್ಸೈಡನ್ನು ತಯಾರಿಸುವ ಕೋಶಗಳೂ ತಮ್ಮ ತಮ್ಮಲ್ಲಿ ಇಂಥ ಸೇತುವೆಗಳಿಂದ ಬೆಸೆದುಕೊಂಡಿವೆ. 2018ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಕಂಡದ್ದು ಇದು: ಈ ಕೋಶಗಳ ಬಲೆ ಬಿಡುಗಡೆ ಮಾಡಿದ ನೈಟ್ರಿಕ್ ಆಕ್ಸೈಡ್ ಆ ಬಲೆಯ ಸೇತುವೆಗಳನ್ನೇ ಕಡಿದುಹಾಕುತ್ತದೆ. ಹೀಗೆ ತನ್ನ ಹರಡುವಿಕೆಗೆ ತಾನೇ ಎಲ್ಲೆ ಹಾಕಿಕೊಳ್ಳುತ್ತದೆ. ಮಿತಿಯಿಲ್ಲದೆ ಹರಡಬಲ್ಲ ಅನಿಲವೊಂದು ಹೇಗೆ ಅಳತೆಯೊಳಗೆ ಕೆಲಸ ಮಾಡೀತು ಎಂಬ ಪ್ರಶ್ನೆಗೆ ಇದು ಒಂದು ಸುಂದರ ಉತ್ತರ.

ಇಲ್ಲಿ ಒಂದು ಭೇದವನ್ನು ಗಮನದಲ್ಲಿಡಬೇಕು. ದಂಡ ಮತ್ತು ಶಂಕುಕೋಶಗಳಲ್ಲಿ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಮೂಲ ಕ್ರಿಯೆಯಲ್ಲೂ ಸಿಜಿಎಂಪಿಯೇ ಮುಖ್ಯಪಾತ್ರಿ. ಕತ್ತಲಲ್ಲಿ ಅದು ಅಯಾನು ಮಾರ್ಗಗಳನ್ನು ತೆರೆದಿಡುತ್ತದೆ. ಬೆಳಕು ಬಿದ್ದಾಗ ಒಡೆದು ಕಡಿಮೆಯಾಗಿ ಮಾರ್ಗಗಳು ಮುಚ್ಚುತ್ತವೆ. ಆದರೆ ಅಲ್ಲಿ ಸಿಜಿಎಂಪಿಯನ್ನು ತಯಾರಿಸುವ ಸೈಕ್ಲೇಸ್ ಪೊರೆಯಲ್ಲಿ ನೆಲೆಸಿದ ಬೇರೆ ಬಗೆಯದು. ನೈಟ್ರಿಕ್ ಆಕ್ಸೈಡಿನ ಆಜ್ಞೆಗೆ ಅದು ಒಳಪಟ್ಟಿಲ್ಲ. ನೈಟ್ರಿಕ್ ಆಕ್ಸೈಡಿನ ಆಡಳಿತವಿರುವುದು ನಂತರದ ಪದರಗಳಲ್ಲಿ.

ರಕ್ತ ಪೂರೈಕೆ ಇದರ ಇನ್ನೊಂದು ಹೊಣೆ. ಮಿಟುಕುವ ಬೆಳಕನ್ನು ನೋಡುವಾಗ ಅಕ್ಷಿಪಟಲದ ರಕ್ತನಾಳಗಳು ಹಿಗ್ಗಿ, ದುಡಿಯುತ್ತಿರುವ ನರಕೋಶಗಳಿಗೆ ಹೆಚ್ಚು ಆಮ್ಲಜನಕ ಮುಟ್ಟಿಸುತ್ತವೆ. ಇದಕ್ಕೆ ಬೇಕಾದ ಸಂಕೇತಗಳಲ್ಲಿ ನೈಟ್ರಿಕ್ ಆಕ್ಸೈಡ್ ಒಂದು.

ಥಲಾಮಸ್ ಮತ್ತು ಹೊರಪದರದಲ್ಲಿ

ದೃಷ್ಟಿನರದ ಬಹುಪಾಲು ತಂತುಗಳು ಥಲಾಮಸ್ಸಿನ ಪಾರ್ಶ್ವ ಭಾಗದ ಒಂದು ನೆಲೆಯಲ್ಲಿ ತಂಗುತ್ತವೆ. ಅಲ್ಲಿಂದ ಸಂಕೇತ ಮಿದುಳಿನ ಹಿಂಭಾಗದ ಹೊರಪದರಕ್ಕೆ ಸಾಗುತ್ತದೆ. ಮಿದುಳುಕಾಂಡದಿಂದ ಈ ನೆಲೆಗೆ ಬರುವ ಕೆಲವು ತಂತುಗಳು ಅಸಿಟೈಲ್‌ಕೋಲಿನ್ ಎಂಬ ನರಸಂದೇಶಕದ ಜೊತೆಗೆ ನೈಟ್ರಿಕ್ ಆಕ್ಸೈಡನ್ನೂ ಒದಗಿಸುತ್ತವೆ. ನಿದ್ದೆಯ ಮಂಪರಿನಲ್ಲಿ ಥಲಾಮಸ್ಸಿನ ಕೋಶಗಳು ಲಯಬದ್ಧವಾಗಿ ಮಿಡಿಯುತ್ತ ಹೊರಗಿನ ಸಂಕೇತವನ್ನು ಸರಿಯಾಗಿ ದಾಟಿಸುವುದಿಲ್ಲ. ನೈಟ್ರಿಕ್ ಆಕ್ಸೈಡ್ ಆ ಲಯವನ್ನು ತಗ್ಗಿಸಿ ಕೋಶಗಳನ್ನು ಎಚ್ಚರದ ಸ್ಥಿತಿಗೆ ತರುತ್ತದೆ ಎಂದು 1992ರಲ್ಲಿ ಪೇಪ್ ಮತ್ತು ಮೇಗರ್ ತೋರಿಸಿದರು. ಬೆಕ್ಕುಗಳ ಮೇಲೆ ಕುಡೈರೊ, ಸಿಲಿಟೊ ಮೊದಲಾದವರು 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಈ ನೆಲೆಯಲ್ಲಿ ಸಿಂಥೇಸ್ ಕಿಣ್ವವನ್ನು ತಡೆದಾಗ ಕಣ್ಣಿನಿಂದ ಬಂದ ಸಂಕೇತಕ್ಕೆ ಕೋಶಗಳ ಸ್ಪಂದನ ಕುಂದಿತು. ಎಚ್ಚರದಿಂದ ನೋಡುವುದು ಕಣ್ಣೊಂದರ ಕೆಲಸವಲ್ಲ. ಮಿದುಳುಕಾಂಡದ ಅಪ್ಪಣೆಯೂ ಅದಕ್ಕೆ ಬೇಕು.

ಹೊರಪದರದಲ್ಲಿ ಈ ಕಿಣ್ವವನ್ನು ಹೇರಳವಾಗಿ ಹೊಂದಿರುವ ನರಕೋಶಗಳು ಬಹು ವಿರಳ. ಅವುಗಳ ತಂತುಗಳು ಮಾತ್ರ ದೂರದೂರಕ್ಕೆ ಚಾಚಿರುತ್ತವೆ. ಅವು ಸ್ಥಳೀಯ ರಕ್ತಹರಿವನ್ನು ನಿಯಂತ್ರಿಸುತ್ತವೆ. ಅವುಗಳಲ್ಲಿ ಒಂದು ಗುಂಪು ಗಾಢನಿದ್ರೆಯ ವೇಳೆ ಚುರುಕಾಗುತ್ತದೆ.

ದೃಷ್ಟಿಹಾದಿಯ ರಚನೆಯಲ್ಲಿ

ಭ್ರೂಣದಲ್ಲಿ ಕಣ್ಣಿನಿಂದ ಮಿದುಳಿಗೆ ಬೆಳೆಯುವ ತಂತುಗಳು ಮೊದಲು ಅಗತ್ಯಕ್ಕಿಂತ ಹೆಚ್ಚು ಕಡೆ ಸಂಪರ್ಕ ಬೆಳೆಸುತ್ತವೆ. ಆಮೇಲೆ ಬೇಡದವು ಕಳಚಿಕೊಳ್ಳುತ್ತವೆ. ಕೋಳಿಮರಿಯ ಭ್ರೂಣದಲ್ಲಿ ಕಣ್ಣಿರುವ ಬದಿಯದೇ ಮಿದುಳಿಗೆ ಹೋಗುವ ತಾತ್ಕಾಲಿಕ ಹಾದಿಯೊಂದು ಕೆಲದಿನಗಳಲ್ಲಿ ಅಳಿಸಿಹೋಗಬೇಕು. ನೈಟ್ರಿಕ್ ಆಕ್ಸೈಡ್ ತಯಾರಿಕೆಯನ್ನು ತಡೆದರೆ ಆ ಹಾದಿಯ ಬಹುಭಾಗ ಉಳಿದುಬಿಡುತ್ತದೆ ಎಂದು 1994ರಲ್ಲಿ ವರದಿಯಾಯಿತು. 1996ರಲ್ಲಿ ಅಮೆರಿಕದ ಎಂಐಟಿಯಲ್ಲಿ ಭಾರತ ಮೂಲದ ನರವಿಜ್ಞಾನಿ ಮೃಗಾಂಕ ಸುರ್ ಮತ್ತು ಸಂಗಡಿಗರು ಫೆರೆಟ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿಯಲ್ಲಿ ಇದನ್ನೇ ಇನ್ನೊಂದು ರೀತಿಯಲ್ಲಿ ಕಂಡರು. ಅದರ ಥಲಾಮಸ್ಸಿನಲ್ಲಿ ಬೆಳಕು ಏರಿದಾಗ ಸ್ಪಂದಿಸುವ ತಂತುಗಳೂ ಇಳಿದಾಗ ಸ್ಪಂದಿಸುವ ತಂತುಗಳೂ ಬೇರೆ ಬೇರೆ ಪದರಗಳಾಗಿ ವಿಂಗಡಗೊಳ್ಳುತ್ತವೆ. ಸಿಂಥೇಸ್ ಕಿಣ್ವವನ್ನು ತಡೆದಾಗ ಆ ವಿಂಗಡಣೆ ಕೆಟ್ಟಿತು.

ಎಲ್ಲ ಹಂತದಲ್ಲೂ ಹೀಗೆಯೇ ಎನ್ನಲಾಗದು. ಹೊರಪದರದಲ್ಲಿ ಎಡಗಣ್ಣು ಮತ್ತು ಬಲಗಣ್ಣಿನ ಪಾಲು ನಿರ್ಧಾರವಾಗುವ ಪ್ರಕ್ರಿಯೆ ನೈಟ್ರಿಕ್ ಆಕ್ಸೈಡನ್ನು ತಡೆದರೂ ನಿಲ್ಲಲಿಲ್ಲ. ಒಂದೇ ಅಣು ಒಂದು ಹಂತದಲ್ಲಿ ಅತ್ಯಗತ್ಯವಾಗಿದ್ದು ಇನ್ನೊಂದರಲ್ಲಿ ಅನಗತ್ಯವಾಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಕೀಟಗಳ ದೃಷ್ಟಿ ಮತ್ತು ರೇಷ್ಮೆ ಹುಳು

ಕೀಟಗಳ ಕಣ್ಣು ಬೆನ್ನೆಲುಬುಳ್ಳ ಪ್ರಾಣಿಗಳ ಕಣ್ಣಿಗಿಂತ ತೀರ ಬೇರೆ. ಅಲ್ಲಿ ಬೆಳಕನ್ನು ವಿದ್ಯುತ್ತಾಗಿ ಬದಲಿಸುವ ಮೂಲ ಕ್ರಿಯೆಗೆ ಸಿಜಿಎಂಪಿ ಆಧಾರವಲ್ಲ. ಆದರೂ ನೈಟ್ರಿಕ್ ಆಕ್ಸೈಡಿನ ಹಾದಿ ಅಲ್ಲೂ ಇದೆ. ಮಿಡತೆಯ ಕಣ್ಣಿನ ಬುಡದ ಮೊದಲ ನರಪದರದಲ್ಲಿ ಸಿಂಥೇಸ್ ಇದೆ. ಅದಕ್ಕೆ ಸಂಕೇತ ಕಳಿಸುವ ಬೆಳಕುಗ್ರಾಹಿ ಕೋಶಗಳಲ್ಲಿ ಗ್ವಾನಿಲೇಟ್ ಸೈಕ್ಲೇಸ್ ಇದೆ. ಅಂದರೆ ಸಂದೇಶ ಪಡೆದ ಕೋಶ ಕಣ್ಣಿಗೇ ಮರಳಿ ಸುದ್ದಿ ಕಳಿಸುತ್ತದೆ. ಮಿಡತೆಯ ಕಣ್ಣಿಗೆ ನೈಟ್ರಿಕ್ ಆಕ್ಸೈಡ್ ಒದಗಿಸಿದಾಗ ಬೆಳಕಿಗೆ ಅದರ ಸ್ಪಂದನ ಹೆಚ್ಚಿತು ಎಂದು 1999ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದರು. ಹಣ್ಣುನೊಣದ ಪ್ಯೂಪಾದಲ್ಲಿ (ಹುಳು ಪೂರ್ಣಕೀಟವಾಗಿ ಮಾರ್ಪಡುವ ಹಂತದಲ್ಲಿ) ಈ ಹಾದಿಯನ್ನು ತಡೆದರೆ, ಕಣ್ಣಿನಿಂದ ಬೆಳೆಯುವ ತಂತುಗಳು ನಿಲ್ಲಬೇಕಾದ ಪದರದಲ್ಲಿ ನಿಲ್ಲದೆ ಮುಂದೆ ಹರಿದುಹೋಗುತ್ತವೆ ಎಂಬುದನ್ನು 1998ರಲ್ಲಿ ಗಿಬ್ಸ್ ಮತ್ತು ಟ್ರೂಮನ್ ತೋರಿಸಿದರು.

ರೇಷ್ಮೆ ಹುಳುವಿನ ಕಣ್ಣಿನ ಕಥೆ ಎರಡು ಜನ್ಮದ ಕಥೆ. ಸೊಪ್ಪು ತಿನ್ನುವ ಹುಳುವಿನ ತಲೆಯ ಎರಡೂ ಬದಿಗೆ ಆರಾರು ಸರಳ ಕಣ್ಣುಗಳಿರುತ್ತವೆ. ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯಲು ಅಷ್ಟು ಸಾಕು. ನಾಲ್ಕು ಜ್ವರ, ಅಂದರೆ ನಾಲ್ಕು ಸಲ ಪೊರೆ ಕಳಚುವ ಹಂತ ಕಳೆದು, ಐದನೆಯ ಹಂತದ ಕೊನೆಗೆ ಹುಳು ಹಣ್ಣಾಗಿ ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆ ಏರುತ್ತದೆ. ಎರಡು ಮೂರು ದಿನಗಳಲ್ಲಿ ಗೂಡು ಕಟ್ಟಿ, ಒಳಗೆ ಪೊರೆ ಕಳಚಿ ಪ್ಯೂಪಾ ಆಗುತ್ತದೆ. ಮುಂದಿನ 10–12 ದಿನಗಳಲ್ಲಿ ಹುಳುವಿಗೆ ಇಲ್ಲದಿದ್ದ ಸಂಯುಕ್ತ ಕಣ್ಣು, ಅದರ ಹಿಂದೆ ಪದರಪದರವಾದ ದೊಡ್ಡ ದೃಷ್ಟಿಹಾಲೆ ರೂಪುಗೊಳ್ಳುತ್ತವೆ. ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಗೂಡನ್ನು ಕತ್ತರಿಸಿ ಪ್ಯೂಪಾವನ್ನು ಹೊರತೆಗೆದು ಗಂಡು ಹೆಣ್ಣು ಬೇರ್ಪಡಿಸುವವರು ಇದನ್ನು ಬರಿಗಣ್ಣಿನಿಂದಲೇ ಕಾಣುತ್ತಾರೆ. ಮೊದಲು ತಲೆಯ ಭಾಗವೆಲ್ಲ ಒಂದೇ ಬಣ್ಣವಾಗಿರುತ್ತದೆ. ದಿನ ಕಳೆದಂತೆ ತೆಳುಚಿಪ್ಪಿನಡಿ ಎರಡು ಕಪ್ಪು ಮಚ್ಚೆಗಳು ಮೂಡುತ್ತವೆ. ಅವೇ ಪತಂಗದ ಕಣ್ಣುಗಳು.

ಈ ಮಾರ್ಪಾಡನ್ನು ಆಳುವ ಹಾರ್ಮೋನು ಎಕ್ಡೈಸೋನ್. ಅದನ್ನು ಜಗತ್ತು ಮೊದಲು ಶುದ್ಧರೂಪದಲ್ಲಿ ಕಂಡದ್ದು ರೇಷ್ಮೆ ಹುಳುವಿನಿಂದಲೇ. 1954ರಲ್ಲಿ ಜರ್ಮನಿಯ ಅಡೊಲ್ಫ್ ಬ್ಯೂಟೆನಾಂಡ್ಟ್ ಮತ್ತು ಪೀಟರ್ ಕಾರ್ಲ್‌ಸನ್ 500 ಕಿಲೊ ರೇಷ್ಮೆ ಪ್ಯೂಪಾಗಳಿಂದ ಕೇವಲ 25 ಮಿಲಿಗ್ರಾಂ ಹರಳು ಪಡೆದರು. ರಾಮನಗರದ ನೂಲು ಬಿಚ್ಚುವ ಘಟಕಗಳಲ್ಲಿ ದಾರ ತೆಗೆದ ಮೇಲೆ ಬಾಣಲೆಯಲ್ಲಿ ಉಳಿಯುವ ಪ್ಯೂಪಾ, ಕೀಟವಿಜ್ಞಾನದ ಇತಿಹಾಸದಲ್ಲಿ ಅಷ್ಟು ಬೆಲೆಯುಳ್ಳ ವಸ್ತು.

ಹಾರ್ಮೋನು ಮತ್ತು ನೈಟ್ರಿಕ್ ಆಕ್ಸೈಡ್ ಹೇಗೆ ಕೈಜೋಡಿಸುತ್ತವೆ ಎಂಬುದನ್ನು 2000ದಲ್ಲಿ ಚಾಂಪ್ಲಿನ್ ಮತ್ತು ಟ್ರೂಮನ್ ತಂಬಾಕಿನ ಹಾಕ್ ಪತಂಗದಲ್ಲಿ ಬಿಡಿಸಿಟ್ಟರು. ಈ ಪತಂಗವೂ ರೇಷ್ಮೆ ಪತಂಗವೂ ಬಾಂಬಿಕಾಯ್ಡಿಯ ಎಂಬ ಒಂದೇ ಮಹಾಕುಲದವು. ಪ್ಯೂಪಾದ ದೃಷ್ಟಿಹಾಲೆಯ ಮೂಲಕೋಶಗಳಲ್ಲೆಲ್ಲ ಸಿಂಥೇಸ್ ಇದೆ, ಅವು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡುತ್ತವೆ. ಹಾರ್ಮೋನಿನ ಮಟ್ಟ ಕಡಿಮೆ ಇರುವಾಗ ಈ ಅನಿಲದ ಉತ್ಪಾದನೆ ಹೆಚ್ಚಿ, ಕೋಶ ವಿಭಜನೆ ನಿಲ್ಲುತ್ತದೆ. ಹಾರ್ಮೋನು ಏರಿದ 15 ನಿಮಿಷದೊಳಗೇ ಅನಿಲದ ಉತ್ಪಾದನೆ ಇಳಿಯತೊಡಗಿ, ಕೋಶಗಳು ಮತ್ತೆ ವಿಭಜನೆಗೊಳ್ಳುತ್ತವೆ. ತಡೆ ಸರಿದರಷ್ಟೇ ಸಾಲದು. ಹಾರ್ಮೋನಿನ ಪ್ರೇರಣೆಯೂ ಬೇಕು. ಈ ಎರಡು ಹಿಡಿತಗಳಿಂದಾಗಿ ಹಾರ್ಮೋನಿನ ಚಿಕ್ಕ ಏರಿಳಿತಕ್ಕೂ ದೃಷ್ಟಿಹಾಲೆ ಖಚಿತವಾಗಿ ಸ್ಪಂದಿಸುತ್ತದೆ. ಕಣ್ಣು ಮುಂದೆ ಹೋಗಿ ಮಿದುಳು ಹಿಂದೆ ಬೀಳದಂತೆ, ಎರಡೂ ಒಂದೇ ವೇಗದಲ್ಲಿ ಬೆಳೆಯುವುದಕ್ಕೆ ಇದು ಆಧಾರ.

ರೇಷ್ಮೆ ಹುಳುವಿನಲ್ಲೇ ಈ ಕಿಣ್ವದ ಇರುವಿಕೆ 1995ರಲ್ಲಿ ವರದಿಯಾಯಿತು; 2002ರಲ್ಲಿ ಜಪಾನಿನ ವಿಜ್ಞಾನಿಗಳು ಅದರ ಜೀನಿನ ನಕಲನ್ನು ಪಡೆದರು. 2004ರಲ್ಲಿ ರೇಷ್ಮೆ ಹುಳುವಿನ ಜೀನೋಮಿನ ಕರಡು ಹೊರಬಂತು. ಗಂಡು ಪತಂಗದ ಮಿದುಳಿನಲ್ಲಿ ವಾಸನೆ ಗ್ರಹಿಸುವ ಹಾಲೆಯಲ್ಲೂ ನೈಟ್ರಿಕ್ ಆಕ್ಸೈಡ್ ಮತ್ತು ಸಿಜಿಎಂಪಿಯ ಜೋಡಿ ದುಡಿಯುವುದನ್ನು ಜಪಾನಿನ ತಂಡಗಳು ಗುರುತಿಸಿವೆ.

ರಾಮನಗರ ಸೀಮೆಯ ರೂಢಿಜ್ಞಾನ

2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ಅತಿ ದೊಡ್ಡದೆಂದು ಹೆಸರಾಗಿದೆ. ಮಾಗಡಿಯ ಕಡೆ, ನೆರೆಯ ಕುಣಿಗಲ್ ಸೀಮೆಯೊಂದಿಗೆ ಸೇರಿ, ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಪ್ರದೇಶ. ಹಸಿರು ಮಿಶ್ರಿತ ಹಳದಿ ಬಣ್ಣದ, ತುದಿ ಚೂಪಾದ ಈ ಗೂಡಿನ ಪತಂಗಗಳನ್ನು ದ್ವಿತಳಿ ಪತಂಗಗಳೊಂದಿಗೆ ಕೂಡಿಸಿ ಮಿಶ್ರತಳಿಯ ಮೊಟ್ಟೆ ತಯಾರಿಸುತ್ತಾರೆ. ಚನ್ನಪಟ್ಟಣದಲ್ಲಿ ರೇಷ್ಮೆ ತರಬೇತಿ ಸಂಸ್ಥೆಯಿದೆ. ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ರಸ್ತೆಯ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1961ರಿಂದ ದುಡಿಯುತ್ತಿದೆ.

ಬೆಳಕಿಗೆ ಈ ಕೀಟದ ನರಮಂಡಲ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಇಲ್ಲಿನವರು ದಿನವೂ ಬಳಸಿಕೊಳ್ಳುತ್ತಾರೆ. ಮೊಟ್ಟೆಯೊಳಗಿನ ಮರಿಯ ತಲೆ ಕಪ್ಪು ಚುಕ್ಕಿಯಾಗಿ ಕಾಣತೊಡಗಿದ ಕೂಡಲೇ ಮೊಟ್ಟೆಯ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿಡುತ್ತಾರೆ. ಮುಂದೆ ಬೆಳೆದ ಮರಿಗಳು ಹೊರಬರದೆ ಕಾಯುತ್ತವೆ, ಹಿಂದುಳಿದವು ಬಂದು ಜೊತೆಗೂಡುತ್ತವೆ. ಎರಡು ದಿನ ಕಳೆದು ಬೆಳಗಿನ ಜಾವ ಕಾಗದ ಬಿಚ್ಚಿ ಮೆಲುಬೆಳಕಿಗೆ ಒಡ್ಡಿದರೆ, ಮೊಟ್ಟೆಗಳು ಒಟ್ಟೊಟ್ಟಿಗೆ ಒಡೆಯುತ್ತವೆ. ಹೀಗೆ ಒಂದೇ ದಿನ ಹುಟ್ಟಿದ ಹುಳು ಒಂದೇ ದಿನ ಜ್ವರಕ್ಕೆ ಹೋಗುತ್ತದೆ, ಒಂದೇ ದಿನ ಹಣ್ಣಾಗುತ್ತದೆ. ಚಾಕಿ ಕಟ್ಟುವವರಿಗೂ (ಎಳೆಹುಳು ಸಾಕುವವರಿಗೂ) ರೈತನಿಗೂ ಇದರ ಬೆಲೆ ಗೊತ್ತು. ಬಿತ್ತನೆ ಕೋಠಿಯಲ್ಲೂ ಹಾಗೆಯೇ: ಗೂಡುಗಳನ್ನು ಕತ್ತಲಲ್ಲಿರಿಸಿ, ಪತಂಗ ಹೊರಬರುವ ದಿನ ಮುಂಜಾನೆಯೇ ದೀಪ ಹಾಕಿದರೆ ಹೆಚ್ಚಿನವು ಬೆಳಗಿನ ಹೊತ್ತಿನಲ್ಲೇ ಈಚೆ ಬರುತ್ತವೆ. ಪ್ರಯೋಗಾಲಯದ ಹೊರಗೆ ನಡೆಯುವ ಈ ದೃಷ್ಟಿಪ್ರಯೋಗವನ್ನು ಶಾಲೆ ಕಾಲೇಜುಗಳ ಜೀವಶಾಸ್ತ್ರದ ಪಾಠಕ್ಕೆ ತರುವುದು ಈ ಜಿಲ್ಲೆಗೆ ಸುಲಭ. ತರಲೇಬೇಕಾದ ಪಾಠವೂ ಹೌದು.

ರೋಗ ಮತ್ತು ಚಿಕಿತ್ಸೆ

ಗ್ಲಾಕೋಮಾ ಕಾಯಿಲೆಯಲ್ಲಿ ಗ್ಯಾಂಗ್ಲಿಯನ್ ಕೋಶಗಳು ನಿಧಾನವಾಗಿ ಸಾಯುತ್ತವೆ. ಅನೇಕರಲ್ಲಿ ಕಣ್ಣಿನೊಳಗಿನ ದ್ರವ ಸರಿಯಾಗಿ ಹೊರಹರಿಯದೆ ಒತ್ತಡ ಏರಿರುತ್ತದೆ. ದ್ರವ ಸೋರಿಹೋಗುವ ಜಾಲರಿಯಂಥ ಅಂಗಾಂಶವನ್ನು ನೈಟ್ರಿಕ್ ಆಕ್ಸೈಡ್ ಸಡಿಲಗೊಳಿಸಿ ಒತ್ತಡವನ್ನು ಇಳಿಸುತ್ತದೆ. ಈ ತಿಳಿವಳಿಕೆಯಿಂದ ಹುಟ್ಟಿದ ಲಾಟಾನೊಪ್ರೋಸ್ಟೀನ್ ಬ್ಯೂನಾಡ್ ಎಂಬ ಕಣ್ಣಿನ ಹನಿಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು. ಕಣ್ಣಿನಲ್ಲಿ ಅದು ಎರಡಾಗಿ ಒಡೆಯುತ್ತದೆ. ಒಂದು ಭಾಗ ಹಳೆಯ ಗ್ಲಾಕೋಮಾ ಔಷಧದಂತೆ ವರ್ತಿಸಿದರೆ ಇನ್ನೊಂದು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡುತ್ತದೆ.

ಅದೇ ಅಣು ಅತಿಯಾದರೆ ಕೇಡು. ಉರಿಯೂತದ ವೇಳೆ ಹೇರಳವಾಗಿ ಹುಟ್ಟಿದ ನೈಟ್ರಿಕ್ ಆಕ್ಸೈಡ್ ಸೂಪರ್ ಆಕ್ಸೈಡಿನೊಂದಿಗೆ ಸೇರಿ ಪೆರಾಕ್ಸಿನೈಟ್ರೈಟ್ ಎಂಬ ತೀಕ್ಷ್ಣ ವಸ್ತುವಾಗುತ್ತದೆ. ಅದು ಪ್ರೋಟೀನು, ಕೊಬ್ಬು, ಡಿಎನ್ಎಗಳನ್ನು ಕೆಡಿಸುತ್ತದೆ. ಮಧುಮೇಹದಲ್ಲಿ ಸಮಸ್ಯೆ ಎರಡೂ ಬದಿಯಿಂದ ಬರುತ್ತದೆ. ರಕ್ತನಾಳಕ್ಕೆ ಬೇಕಾದ ನೈಟ್ರಿಕ್ ಆಕ್ಸೈಡ್ ಕೊರತೆಯಾಗುತ್ತದೆ, ಹಾನಿಕಾರಕ ರೂಪ ಹೆಚ್ಚುತ್ತದೆ. ಮಿಟುಕುವ ಬೆಳಕಿಗೆ ಅಕ್ಷಿಪಟಲದ ನಾಳಗಳು ಹಿಗ್ಗುವ ಗುಣ, ಪರೀಕ್ಷೆಯಲ್ಲಿ ಬೇರೆ ಯಾವ ಹಾನಿಯೂ ಕಾಣುವ ಮೊದಲೇ, ಮಧುಮೇಹಿಗಳಲ್ಲಿ ಕುಗ್ಗಿರುತ್ತದೆ.

ಮಕ್ಕಳ ಸಮೀಪದೃಷ್ಟಿಯನ್ನು ನಿಧಾನಿಸಲು ಕಡಿಮೆ ಸಾಂದ್ರತೆಯ ಅಟ್ರೊಪಿನ್ ಹನಿಗಳು ಈಗ ನಮ್ಮಲ್ಲೂ ಬಳಕೆಯಲ್ಲಿವೆ. ಕೋಳಿಮರಿಗಳ ಮೇಲೆ ಕೆನಡಾದಲ್ಲಿ ನಡೆದ ಪ್ರಯೋಗಗಳಲ್ಲಿ, ನೈಟ್ರಿಕ್ ಆಕ್ಸೈಡ್ ತಯಾರಿಕೆಯನ್ನು ತಡೆದಾಗ ಅಟ್ರೊಪಿನ್ ತನ್ನ ಪರಿಣಾಮ ಕಳೆದುಕೊಂಡಿತು. ಇದು 2016ರಲ್ಲಿ ಪ್ರಕಟವಾಯಿತು.

ಆಹಾರದ ಮೂಲಕವೂ ದೇಹ ನೈಟ್ರಿಕ್ ಆಕ್ಸೈಡ್ ಪಡೆಯುತ್ತದೆ. ಸೊಪ್ಪುಗಳಲ್ಲಿರುವ ನೈಟ್ರೇಟನ್ನು ಬಾಯಿಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಅದು ದೇಹದೊಳಗೆ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಆರೋಗ್ಯ ವೃತ್ತಿಪರರನ್ನು ದಶಕಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಸಿರು ಸೊಪ್ಪು ಹೆಚ್ಚು ತಿನ್ನುವವರಲ್ಲಿ ಗ್ಲಾಕೋಮಾದ ಸಂಭವ ಶೇಕಡ 20ರಿಂದ 30ರಷ್ಟು ಕಡಿಮೆ ಇತ್ತು. ಇದು ಎರಡರ ನಡುವಿನ ಸಂಬಂಧವನ್ನು ಹೇಳುತ್ತದೆ, ಸೊಪ್ಪು ಔಷಧವೆಂದು ಹೇಳುವುದಿಲ್ಲ. ಆದರೂ ರಾಗಿ ಮುದ್ದೆಗೆ ಸೊಪ್ಪಿನ ಬಸ್ಸಾರು ಮಾಡುವ ಈ ಸೀಮೆಯ ಊಟದ ಕ್ರಮವನ್ನು ಬಿಡದೆ ಉಳಿಸಿಕೊಳ್ಳಲು ಇದೊಂದು ಒಳ್ಳೆಯ ಕಾರಣ.

ಸಮಾರೋಪ

ಮಿಡತೆಯಿಂದ ಮನುಷ್ಯನವರೆಗೆ ದೃಷ್ಟಿ ನರಮಂಡಲದಲ್ಲಿ ನೈಟ್ರಿಕ್ ಆಕ್ಸೈಡ್ ಉಳಿದುಬಂದಿರುವುದಕ್ಕೆ ಕಾರಣ ಅದರ ಸರಳತೆ. ಕೂಡಿಡುವ ಕೋಶಿಕೆ ಬೇಡ, ಪೊರೆಯ ಮೇಲೆ ಗ್ರಾಹಕ ಬೇಡ. ಹುಟ್ಟಿದ ಕಡೆಯಿಂದ ಸುತ್ತಲ ಕೋಶಗಳನ್ನು ಮುಟ್ಟಿ ಮುಗಿಯುತ್ತದೆ. ಎಲ್ಲಿ ಹುಟ್ಟಿತು, ಎಷ್ಟು ಹುಟ್ಟಿತು, ಯಾವಾಗ ಹುಟ್ಟಿತು ಎಂಬ ಮೂರರ ಮೇಲೆ ಅದು ಕಣ್ಣನ್ನು ಕಟ್ಟುವುದೂ ಕಾಯುವುದೂ ಕೆಡಿಸುವುದೂ ನಿಂತಿದೆ. ಹಾಗಾಗಿ ಇದನ್ನು ಹೆಚ್ಚಿಸುವುದಷ್ಟೇ ಅಥವಾ ತಡೆಯುವುದಷ್ಟೇ ಚಿಕಿತ್ಸೆಯಾಗಲಾರದು. ಬೇಕಾದ ಅಂಗಾಂಶಕ್ಕೆ, ಬೇಕಾದಷ್ಟನ್ನು ಒದಗಿಸಬಲ್ಲ ಔಷಧವೇ ಉಪಯುಕ್ತ.

ಗ್ಲಾಕೋಮಾದಲ್ಲಿ ಒಮ್ಮೆ ಸತ್ತ ಗ್ಯಾಂಗ್ಲಿಯನ್ ಕೋಶ ಮರಳಿ ಹುಟ್ಟುವುದಿಲ್ಲ, ಆರಂಭದಲ್ಲಿ ಕಾಯಿಲೆಗೆ ನೋವೂ ಇಲ್ಲ, ಸೂಚನೆಯೂ ಇಲ್ಲ. ನಲವತ್ತು ದಾಟಿದವರು, ಮಧುಮೇಹ ಇರುವವರು, ಮನೆತನದಲ್ಲಿ ಗ್ಲಾಕೋಮಾ ಕಂಡವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೋ 1896ರಿಂದ ಸೇವೆಯಲ್ಲಿರುವ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲೋ ಕಣ್ಣಿನ ಒತ್ತಡವನ್ನೂ ಅಕ್ಷಿಪಟಲವನ್ನೂ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳಬೇಕು.